ಗುಂಡಿ ಬಿಸ್ಕತ್ತಿಗೆ ಎಷ್ಟರವರೆಗೆ ಎಣಿಸಬೇಕು?

ಉಣಕಲ್ ದಂಡೆ ಹೆಣ್ಣುಮಕ್ಕಳ ಹಾಸ್ಟೆಲ್, ಅವಳಿ ನಗರ
ಹದಿಮೂರನೇ ತಿಂಗಳ ಇಪ್ಪತ್ತು, ೨೧೫೩

ಪ್ರೀತಿಯ ಸುಗುಣಾ ಅಜ್ಜಿಗೆ,

ಮೊದಲು ತಾರೀಕಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹದಿಮೂರನೇ ತಿಂಗಳು ಇಲ್ಲ ಎಂದು ನನಗೆ ಗೊತ್ತು. ನಮ್ಮಲ್ಲಿ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು, ಕೊನೆಗೆ ಯಾವ ತಿಂಗಳಿಗೂ ಸೇರದ ಒಂದು ದಿನ. ಅದಕ್ಕೆ ಬಿಡುದಿನ ಎನ್ನುತ್ತೇವೆ. ಹೀಗಾಗಿ ನಿಮ್ಮ ಡಿಸೆಂಬರ್ ಇಪ್ಪತ್ತೈದು ನಮಗೆ ಹದಿಮೂರನೇ ತಿಂಗಳ ಇಪ್ಪತ್ತಮೂರು. ನನ್ನ ಅಜ್ಜಿ ಇದನ್ನು ಇನ್ನೂ ಒಪ್ಪಿಲ್ಲ. "ಯೇಸುಸ್ವಾಮಿ ಹುಟ್ಟಿದ ತಾರೀಕ ಬದಲಿ ಮಾಡಾಕ ಇವರ್ಯಾರು?" ಎಂದು ಪ್ರತಿ ವರ್ಷ ಹೊಸದಾಗಿ ಸಿಟ್ಟಾಗುತ್ತಾಳೆ. ಅಂತೂ ಕ್ರಿಸ್‌ಮಸ್ಸಿಗೆ ಇನ್ನು ಮೂರು ದಿನ ಇದೆ, ನನಗೆ ಟೆನ್ಷನ್ನಿನಲ್ಲಿ ಊಟ ಸೇರುತ್ತಿಲ್ಲ.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಸಾರಿ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಹಗಲೆಲ್ಲ ಇಂಗ್ಲಿಷ್, ರಜೆಗೆ ಬಂದಾಗ ಅಜ್ಜಿಯ ಕನ್ನಡ, ಎರಡೂ ಅರ್ಧರ್ಧ. ಬರೆಯುವ ಕನ್ನಡವನ್ನು ಮಾತ್ರ ನಿಮ್ಮ ಡೈರಿ ನೋಡಿ ಕಲಿತೆ. ಆದ್ದರಿಂದ ಅಲ್ಲಲ್ಲಿ 'ತಿಕ್ಕುವುದು, ಒತ್ತುವುದು, ಇಡುವುದು' ಎಂದು ಅಡುಗೆ ಹೇಳಿದ ಹಾಗೆ ಬಂದರೆ ಅದರಲ್ಲಿ ನಿಮ್ಮದೂ ಪಾಲಿದೆ. ಇನ್ನೊಂದು ತಪ್ಪು: ನಿಮ್ಮನ್ನು ಅಜ್ಜಿ ಎನ್ನುತ್ತಿದ್ದೇನೆ. ನೀವು ನನ್ನ ಅಜ್ಜಿಯ ಅಮ್ಮನ ಅಜ್ಜಿ. ಆದರೆ ಈ ಪತ್ರ ತಲುಪುವಾಗ ನಿಮಗೆ ನಲವತ್ತಮೂರು ವರ್ಷ, ನಿಮ್ಮ ಮಗಳು ಬೆನಿಟಾ ಇನ್ನೂ ಶಾಲೆಗೆ ಹೋಗುತ್ತಿರುತ್ತಾಳೆ. ನಲವತ್ತಮೂರರ ಹೆಂಗಸನ್ನು ಅಜ್ಜಿ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಬೇರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ. ನನ್ನ ಹೆಸರು ತಬಿತಾ ಹಂಚಿನಮನಿ. ಹದಿನೆಂಟು ವರ್ಷ, ಯೂನಿವರ್ಸಿಟಿಯಲ್ಲಿ ಮೊದಲನೇ ವರ್ಷ. ಅವಳಿ ನಗರ ಎಂದರೆ ನಿಮ್ಮ ಹುಬ್ಬಳ್ಳಿ ಮತ್ತು ಧಾರವಾಡ. ನಡುವೆ ಖಾಲಿ ಜಾಗ ಇತ್ತಂತೆ, ಈಗ ಇಲ್ಲ.

ಈ ಪತ್ರ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ನಮ್ಮ ಯೂನಿವರ್ಸಿಟಿಯ ಭೌತಶಾಸ್ತ್ರದವರು ನಡೆಸುತ್ತಾರೆ, ಇನ್ನೂ ಪ್ರಯೋಗದ ಹಂತದಲ್ಲಿದೆ. ಮೊದಲನೇ ವರ್ಷದವರಿಗೆ ತಲೆಗೊಂದು ಪತ್ರ, ಅದೂ ನಾವು ಪ್ರಯೋಗಕ್ಕೆ ಬೇಕಾದ ಇಲಿಗಳ ಹಾಗೆ ಎಂದು ಸೀನಿಯರ್ಸ್ ನಗುತ್ತಾರೆ. ನಿಯಮಗಳು ಬಹಳ ಕಠಿಣ. ನಿಮ್ಮ ಕಾಲದ ದೊಡ್ಡವರ ಹೆಸರು, ಯಾವ ಊರಿಗೆ ಏನಾಯಿತು, ಯಾರು ಎಷ್ಟು ದಿನ ಬದುಕಿದರು, ಇದ್ಯಾವುದನ್ನೂ ಬರೆಯುವಂತಿಲ್ಲ. ಬರೆದರೆ ಪತ್ರ ವಾಪಸ್ ಬರುತ್ತದೆ. ನನ್ನ ಅರ್ಜಿ ನೋಡಿದ ಗುಮಾಸ್ತರು ಕನ್ನಡಕ ಮೇಲೆ ಸರಿಸಿ "ಬಿಸ್ಕೀಟ? ಬರಕೋ ಹೋಗವಾ, ಬಿಸ್ಕೀಟಿನಿಂದ ಯಾರ ಹಣಿಬರಾನೂ ಬದಲಾಗೂದಿಲ್ಲ" ಎಂದು ಒಂದೇ ನಿಮಿಷದಲ್ಲಿ ಮುದ್ರೆ ಒತ್ತಿದರು. ನಾನು ಥ್ಯಾಂಕ್ಸ್ ಎಂದೆ. ಹೊರಗೆ ಬಂದ ಮೇಲೆ ಅಳು ಬಂತು.

ನಮ್ಮ ದಿನಗಳ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋದರೆ ನಿಮಗೆ ನನ್ನ ಪೇಚಾಟ ತಿಳಿಯುವುದಿಲ್ಲ. ನಮ್ಮಲ್ಲಿ ಬೆಂಕಿ ಇಲ್ಲ. ಒಲೆ, ಕಡ್ಡಿಪೆಟ್ಟಿಗೆ, ಮೇಣದಬತ್ತಿ, ಯಾವುದೂ ಇಲ್ಲ. ಕಿಡಿ ಕಾನೂನು ಬಂದು ಎಪ್ಪತ್ತೆರಡು ವರ್ಷವಾಯಿತು. ಅದು ಯಾಕೆ ಬಂತು ಎಂದು ಬರೆಯುವಂತಿಲ್ಲ. ಬೆಂಕಿಯ ಬದಲು ಪ್ರತಿಯೊಬ್ಬರಿಗೂ ದಿನಕ್ಕಿಷ್ಟು ಎಂದು ಶಾಖ ಬರುತ್ತದೆ, ಅದಕ್ಕೆ ಶಾಖಪಾಲು ಎನ್ನುತ್ತೇವೆ. ಅದರಲ್ಲೇ ಜಳಕದ ನೀರು ಬಿಸಿಯಾಗಬೇಕು, ಅದರಲ್ಲೇ ಹಾಸಿಗೆ ಬೆಚ್ಚಗಾಗಬೇಕು. ಊಟ ನಾವು ಮಾಡಿಕೊಳ್ಳುವುದಿಲ್ಲ, ಪ್ರತಿ ಅಂತಸ್ತಿನ ಅಡುಗೆಗೋಡೆಯಿಂದ ಮುಚ್ಚಿದ ಬಟ್ಟಲಿನಲ್ಲಿ ಬರುತ್ತದೆ. ಸಾಟಿಹಿಟ್ಟಿನ ರೊಟ್ಟಿ, ಪಲ್ಯ, ವಾರಕ್ಕೊಮ್ಮೆ ಸಿಹಿ. ಸಾಟಿಹಿಟ್ಟು ಎಂದರೆ ಗೋಧಿಗೆ ಸಾಟಿ ಎಂದು ತೊಟ್ಟಿಯಲ್ಲಿ ಬೆಳೆಸುವ ಹಿಟ್ಟು. ಸಾಟಿಯಲ್ಲ, ಆದರೂ ಹೆಸರು ಹಾಗೆ. ರುಚಿ ಪರವಾಗಿಲ್ಲ, ವಾಸನೆ ಇರುವುದಿಲ್ಲ. ಓಣಿಯ ತುದಿಯಿಂದಲೇ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಹೇಳಬಹುದಿತ್ತು ಎಂದು ಅಜ್ಜಿ ಹೇಳಿದಾಗ ನಾನು ಚಿಕ್ಕವಳಿದ್ದೆ, ಅದು ಯಾವುದೋ ಮಾಯಾಜಾಲದ ಕಥೆ ಎಂದುಕೊಂಡಿದ್ದೆ.

ಈಗ ಗುಂಡಿ ಬಿಸ್ಕತ್ತಿನ ವಿಷಯ. ನಿಮ್ಮ ೨೦೨೪ರ ಡೈರಿ ನಮ್ಮ ಮನೆಯಲ್ಲಿದೆ. ಡಿಸೆಂಬರ್ ಎಂಟು, ಭಾನುವಾರದ ಪುಟದಲ್ಲಿ ನೀವು ನೀಲಿ ಶಾಯಿಯಲ್ಲಿ ಬರೆದಿದ್ದೀರಿ. ನನಗೆ ಅದು ಬಾಯಿಪಾಠ. 'ತುಪ್ಪ ಮುಕ್ಕಾಲು ಬಟ್ಟಲು, ಬೆಳ್ಳಗಾಗುವ ತನಕ ಅಂಗೈಯಿಂದ ತಿಕ್ಕುವುದು. ಸಕ್ಕರೆ ಪುಡಿ ಒಂದು ಬಟ್ಟಲು. ಮೈದಾ ಎರಡು ಬಟ್ಟಲು, ಜೋಳದ ಹಿಟ್ಟು ಎರಡು ಮುಟಿಗೆ. ಏಲಕ್ಕಿ. ಸೋಡಾ ಚಿಟಿಕೆ. ಉಂಡೆ ಮಾಡಿ ಗುಂಡಿ ಒತ್ತುವುದು. ತಗಡಿನಲ್ಲಿ ದೂರ ದೂರ ಇಡುವುದು. ಮಕ್ತುಂಸಾಬರ ಭಟ್ಟಿಗೆ ಕಳಿಸುವುದು.' ಅಷ್ಟೇ. ಅದರ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ. ಆ ಗುಂಡಿಯೂ ಇದೆ, ನಿಮ್ಮ ಮಾವನವರ ಕೋಟಿನ ನಾಲ್ಕು ತೂತಿನ ಕಪ್ಪು ಗುಂಡಿ. ಅಜ್ಜಿ ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾಳೆ.

ಪ್ರತಿ ಕ್ರಿಸ್‌ಮಸ್ಸಿನ ಹಿಂದಿನ ದಿನ ಮನೆಯವರೆಲ್ಲ ಅಜ್ಜಿಯ ಮನೆಯಲ್ಲಿ ಸೇರುತ್ತೇವೆ. ಸಾಟಿಹಿಟ್ಟು, ತೊಟ್ಟಿತುಪ್ಪ, ಸಕ್ಕರೆ ತಿಕ್ಕಿ, ಉಂಡೆ ಮಾಡಿ, ಗುಂಡಿ ಒತ್ತಿ, ತಗಡಿನ ಮೇಲೆ ದೂರ ದೂರ ಇಡುತ್ತೇವೆ. ದೂರ ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ನೀವು ಬರೆದಿದ್ದೀರಿ, ಇಡುತ್ತೇವೆ. ಆಮೇಲೆ ಭಟ್ಟಿಗೆ ಹೋಗುವ ಶಾಸ್ತ್ರ. ತಗಡನ್ನು ಎತ್ತಿಕೊಂಡು ಎಲ್ಲರೂ ಬಾಗಿಲ ಹೊರಗೆ, ಹದಿನಾಲ್ಕನೇ ಅಂತಸ್ತಿನ ಪಡಸಾಲೆಗೆ ಹೋಗಿ ನಿಲ್ಲುತ್ತೇವೆ. ಅಮ್ಮ ಒಂದು ಕೀರ್ತನೆ ಹಾಡುತ್ತಾಳೆ. ಎದುರು ಮನೆಯಾಕೆ ಪ್ರತಿ ವರ್ಷ ಬಾಗಿಲು ತೆರೆದು "ಏನ್ರಿ, ಯಾರರ ಬರಾವರದಾರೇನ್ರಿ?" ಎಂದು ಕೇಳುತ್ತಾರೆ. ನನ್ನ ಸೋದರಮಾವ ಪ್ರತಿ ವರ್ಷ "ಹೂನ್ರಿ, ಬಿಸ್ಕೀಟ ಬರಾಕತ್ತಾವ" ಎನ್ನುತ್ತಾನೆ. ಹತ್ತು ನಿಮಿಷ ನಿಂತು ಒಳಗೆ ಬಂದು, ಪ್ರಾರ್ಥನೆ ಮಾಡಿ, ತಿನ್ನುತ್ತೇವೆ. ಬೆರಳಿಗೆ ಅಂಟುತ್ತದೆ, ಹಲ್ಲಿಗೆ ಮೆತ್ತುತ್ತದೆ. ನನಗೆ ಅದು ಬಹಳ ಇಷ್ಟ. ಹಾಸ್ಟೆಲಿನಲ್ಲಿ ಮನೆ ನೆನಪಾದರೆ ಮೊದಲು ನೆನಪಾಗುವುದು ಅದೇ ಅಂಟು.

ನಿಮಗೆ ಈಗ ನಗು ಬಂದಿರಬೇಕು. ನನಗೆ ತಿಳಿದದ್ದು ಈ ವರ್ಷ ಒಂಬತ್ತನೇ ತಿಂಗಳಲ್ಲಿ, ಜನಜೀವನ ಚರಿತ್ರೆಯ ಕ್ಲಾಸಿನಲ್ಲಿ. ಲೆಕ್ಚರರ್ ಹಳೆಯ ಚಿತ್ರವೊಂದನ್ನು ಗೋಡೆಯ ಮೇಲೆ ತೋರಿಸಿದರು. ಇಟ್ಟಿಗೆಯ ಕಮಾನು, ಒಳಗೆ ಕೆಂಪು ಕೆಂಡ, ಉದ್ದನೆಯ ಕೋಲಿನಿಂದ ತಗಡು ಎಳೆಯುತ್ತಿರುವ ಒಬ್ಬ ಮನುಷ್ಯ. "ಇದಕ್ಕೆ ಭಟ್ಟಿ ಎನ್ನುತ್ತಿದ್ದರು. ಸಣ್ಣ ಊರುಗಳಲ್ಲಿ ಮನೆಯಲ್ಲಿ ಕಲಸಿದ ಹಿಟ್ಟನ್ನು ಓಣಿಯ ಭಟ್ಟಿಗೆ ಕೊಟ್ಟು ಬಿಸ್ಕತ್ತು ಬೇಯಿಸಿಕೊಂಡು ಬರುತ್ತಿದ್ದರು. ಹತ್ತು ಮನೆಯ ತಗಡು ಒಂದೇ ಭಟ್ಟಿಯಲ್ಲಿ ಕೂಡುವುದರಿಂದ, ಬದಲಾಗದಿರಲಿ ಎಂದು ಒಬ್ಬೊಬ್ಬರು ಒಂದೊಂದು ಗುರುತು ಒತ್ತುತ್ತಿದ್ದರು" ಎಂದರು. ಪಕ್ಕದಲ್ಲಿ ಕೂತ ನನ್ನ ರೂಮ್‌ಮೇಟ್ ಪಾರಿಜಾತಾ, ನಾವು ಪಾರಿ ಎನ್ನುತ್ತೇವೆ, ನನ್ನ ಮುಖ ನೋಡಿ "ಯಾಕಲೇ, ದೆವ್ವ ಕಂಡಂಗ ಮಾಡ್ತಿ?" ಎಂದಳು. ನಾವು ಎಪ್ಪತ್ತೆರಡು ವರ್ಷದಿಂದ ಹಸಿ ಹಿಟ್ಟು ತಿನ್ನುತ್ತಿದ್ದೇವೆ ಎಂದು ಅವಳಿಗೆ ಹೇಗೆ ಹೇಳಲಿ?

ಆ ತಿಂಗಳ ರಜೆಯಲ್ಲಿ ಅಜ್ಜಿಯ ಮನೆಗೆ ಓಡಿದೆ. ದೊಡ್ಡ ಜೋಕು ತಂದಿದ್ದೇನೆ, ಅಜ್ಜಿ ಬಿದ್ದು ಬಿದ್ದು ನಗುತ್ತಾಳೆ ಎಂದುಕೊಂಡಿದ್ದೆ. ಎಲ್ಲ ಹೇಳಿ ಮುಗಿಸಿದೆ. ಅಜ್ಜಿ ನಗಲಿಲ್ಲ. ಕೊರಳಿನ ಗುಂಡಿಯನ್ನು ಹಿಡಿದುಕೊಂಡು "ನನಗ ಗೊತ್ತೈತಿ ಬಿಡವಾ" ಎಂದಳು. ಅವಳು ಬೇಯಿಸಿದ್ದನ್ನು ಒಮ್ಮೆ ತಿಂದಿದ್ದಾಳೆ. ಐದು ವರ್ಷದವಳಿದ್ದಾಗ, ಕಿಡಿ ಕಾನೂನು ಬರುವ ಹಿಂದಿನ ಕ್ರಿಸ್‌ಮಸ್ಸಿಗೆ, ಭಟ್ಟಿಯ ಕೊನೆಯ ತಗಡಿನಲ್ಲಿ. "ಹಲ್ಲ ಹಚ್ಚೂದ ಬ್ಯಾಡಾಗಿತ್ತು. ನಾಲಿಗಿ ಮ್ಯಾಲ ಇಟ್ಟರ ಸಾಕು, ಉಸುಕಿನಂಗ ಉದರತಿತ್ತು. ಉದುರಿದ ಮ್ಯಾಲ ತುಪ್ಪ ಅಂತ ತಿಳೀತಿತ್ತು." ಮರುವರ್ಷ ಭಟ್ಟಿ ಇರಲಿಲ್ಲ. ಅವಳ ಅಮ್ಮ ಉಂಡೆ ಮಾಡಿ, ಗುಂಡಿ ಒತ್ತಿ, ತಗಡು ಎತ್ತಿಕೊಂಡು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು 'ತಗೋರಿ, ಬಿಸ್ಕೀಟ' ಎಂದು ಕೊಟ್ಟಳಂತೆ. ಹಾಗೆ ಶುರುವಾದದ್ದು ನಮ್ಮ ಶಾಸ್ತ್ರ. ನೀನ್ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದು ಕೇಳಿದೆ. "ಯಾರಿಗೆ ಹೇಳ್ಲಿ? ತಮ್ಮಂದಿರು ಬಿಸ್ಕೀಟ ಬಂತು ಬಿಸ್ಕೀಟ ಬಂತು ಅಂತ ಕುಣ್ಯಾಕತ್ತಿದ್ರು. ಅವ್ವ ನನ್ನ ಮಾರಿ ನೋಡಿದ್ಲು. ನಾನೂ ಕುಣದೆ" ಎಂದಳು.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಮಾತು ಕೊಟ್ಟೆ. "ಈ ಸಲ ನಾ ಬೇಯಿಸಿ ಕೊಡ್ತೀನಿ ಅಜ್ಜಿ, ಪ್ರಾಮಿಸ್" ಎಂದುಬಿಟ್ಟೆ. ನನಗೆ ನೀರು ಬಿಸಿ ಮಾಡುವುದು ಬಿಟ್ಟರೆ ಏನೂ ಬರುವುದಿಲ್ಲ. ಅಜ್ಜಿ ಎದ್ದು ಹಾಸಿಗೆಯ ಕೆಳಗಿನಿಂದ ಒಂದು ಡಬ್ಬಿ ತೆಗೆದಳು. ಅದರಲ್ಲಿ ನಿಜವಾದ ಗೋಧಿಯ ಮೈದಾ, ನಿಜವಾದ ಜೋಳದ ಹಿಟ್ಟು, ಹಸುವಿನ ತುಪ್ಪ ಇತ್ತು. ಹಿರಿಯರಿಗೆ ಔಷಧದ ಲೆಕ್ಕದಲ್ಲಿ ತಿಂಗಳಿಗೆ ಒಂದೊಂದು ಚಮಚ ಹಿಟ್ಟು, ಒಂದು ಚಮಚ ತುಪ್ಪ ಕೊಡುತ್ತಾರೆ. ಅವಳು ನಾಲ್ಕು ವರ್ಷದಿಂದ ತಿನ್ನದೆ ಕೂಡಿಟ್ಟಿದ್ದಳು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳೋ ಏನೋ. ಇಪ್ಪತ್ತನಾಲ್ಕು ಬಿಸ್ಕತ್ತಿಗೆ ಆಗುವಷ್ಟಿದೆ, ಇನ್ನೊಂದು ಸಲಕ್ಕೆ ಇಲ್ಲ.

ಇನ್ನೊಂದು ಸಲ ಎನ್ನುವುದೂ ಇಲ್ಲ. ಅಜ್ಜಿಯ ಗಂಟಲಿನಲ್ಲಿ ಗಂಟಿದೆ. ಮೊದಲ ತಿಂಗಳ ನಾಲ್ಕಕ್ಕೆ ಆಪರೇಷನ್. ಡಾಕ್ಟರು ಒಳ್ಳೆಯವರು, ಆಪರೇಷನ್ ಆದರೆ ಇನ್ನೂ ಹತ್ತು ವರ್ಷ ಬದುಕುತ್ತಾರೆ ಎಂದಿದ್ದಾರೆ. ಆದರೆ ಆಮೇಲೆ ಊಟ ನಳಿಗೆಯಲ್ಲಿ, ನೇರ ಹೊಟ್ಟೆಗೆ. ಬಾಯಿಂದ ಏನೂ ಇಲ್ಲ. ಇದು ಅವಳ ನಾಲಿಗೆಯ ಕೊನೆಯ ಕ್ರಿಸ್‌ಮಸ್. ಹಿಟ್ಟಿನ ಡಬ್ಬಿಯನ್ನು ನನ್ನ ಕೈಗೆ ಕೊಡುವಾಗ ಅವಳು ಇದನ್ನು ಹೇಳಲಿಲ್ಲ, ಅಮ್ಮ ಆಮೇಲೆ ಹೇಳಿದಳು. ಮೊದಲೇ ಗೊತ್ತಿದ್ದರೆ ನಾನು ಆ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ.

ಅಂದಿನಿಂದ ನಾನು ಮಾಡಿದ್ದನ್ನೆಲ್ಲ ಹೇಳಿದರೆ ನಿಮಗೆ ಅಯ್ಯೋ ಅನಿಸುತ್ತದೆ. ಅರಿವುಕೋಶದಲ್ಲಿ, ಅಂದರೆ ನಮ್ಮ ಎಲ್ಲ ಪುಸ್ತಕ ಇಟ್ಟಿರುವ ಕಡೆ, ಹುಡುಕಿದೆ. ಇಂಥ ಬಿಸ್ಕತ್ತು ಮಾಡುವ ವಿಧಾನಗಳು ನಾನಕಟಾಯಿ ಎಂಬ ಹೆಸರಿನಲ್ಲಿ ನೂರಾರು ಇವೆ. ಒಬ್ಬರು ನೂರೈವತ್ತು ಡಿಗ್ರಿ ಎಂದರೆ ಇನ್ನೊಬ್ಬರು ನೂರೆಂಬತ್ತು. ಜೋಳದ ಹಿಟ್ಟು ಹಾಕುವವರು ಒಬ್ಬರೂ ಇಲ್ಲ, ಅದು ನಿಮ್ಮೊಬ್ಬರ ಕೈಗುಣವೇ ಇರಬೇಕು. ಲ್ಯಾಬಿನಲ್ಲಿ ಸಾಟಿಹಿಟ್ಟಿನಿಂದ ಎರಡು ಸಲ ಪ್ರಯತ್ನ ಮಾಡಿದೆ. ಮೊದಲನೆಯದು ಇದ್ದಿಲಾಯಿತು. ಎರಡನೆಯದು ಕರಗಿ, ಒಂದಕ್ಕೊಂದು ಕೂಡಿ, ತಗಡಿನ ಆಕಾರದ ಒಂದೇ ದೊಡ್ಡ ಬಿಸ್ಕತ್ತಾಯಿತು. ದೂರ ದೂರ ಇಡುವುದು ಯಾಕೆಂದು ಆವತ್ತು ತಿಳಿಯಿತು. ಗುಂಡಿಯ ಗುರುತು ಎಲ್ಲೂ ಕಾಣಲಿಲ್ಲ. ಪಾರಿ ಅದನ್ನು ಗೋಡೆಗೆ ನಿಲ್ಲಿಸಿ "ಇದನ್ನ ಬಾಗಲಕ್ಕ ಹಚ್ಚಬೌದಲೇ" ಎಂದಳು. ಲ್ಯಾಬಿನವರು ಇನ್ನು ಬರಬೇಡ ಎಂದರು.

ಆದ್ದರಿಂದ ಉಳಿದದ್ದು ಹಾಸ್ಟೆಲಿನ ಶಾಖಪೆಟ್ಟಿಗೆ. ಅದಕ್ಕೆ ಡಿಗ್ರಿ ಗೊತ್ತಿಲ್ಲ. ಶಾಖ ಬಿಟ್ಟರೆ ನಿಧಾನವಾಗಿ ಏರುತ್ತಾ ಹೋಗುತ್ತದೆ, ಯಾವಾಗ ಸಾಕು ಎಂದು ನಾವೇ ಹೇಳಬೇಕು. ಅಳೆಯುವ ಉಪಕರಣ ಲ್ಯಾಬಿನದು, ಅವರು ಕೊಡುವುದಿಲ್ಲ. ಕೊಟ್ಟಿದ್ದರೂ ನೂರೈವತ್ತಕ್ಕೆ ನಿಲ್ಲಲೋ, ನೂರೆಂಬತ್ತಕ್ಕೋ? ಒಂದು ತಗಡಿಗೆ ಬೇಕಾದ ಶಾಖ ಒಬ್ಬಳ ಪಾಲಿನಲ್ಲಿ ಬರುವುದಿಲ್ಲ ಎಂದು ನಮ್ಮ ಅಂತಸ್ತಿನ ಮೂವತ್ತೊಂದು ಹುಡುಗಿಯರು ಮೂರು ದಿನದ ಶಾಖಪಾಲು ಕೊಡುತ್ತಿದ್ದಾರೆ. ನಾನು ಕೇಳಿರಲಿಲ್ಲ, ಪಾರಿ ಬಾಗಿಲು ಬಾಗಿಲಿಗೆ ಹೋಗಿ ಕೇಳಿದಳು. ಈಗ ಎಲ್ಲರೂ ತಣ್ಣೀರಿನಲ್ಲಿ ಜಳಕ ಮಾಡುತ್ತಾ ನನ್ನ ಹೆಸರು ಹಿಡಿದು ಕೂಗುತ್ತಾರೆ. ಇವತ್ತು ಬೆಳಿಗ್ಗೆ ಪಾರಿ ನಡುಗುತ್ತಾ ಬಂದು "ಬಿಸ್ಕೀಟ ಕೆಟ್ಟರ ನಿನ್ನನ್ನ ಆ ಪೆಟ್ಟಿಗ್ಯಾಗ ಕೂಡಸ್ತೀನಿ ನೋಡ" ಎಂದು ತನ್ನ ಒದ್ದೆ ಟವೆಲನ್ನು ನನ್ನ ತಲೆಯ ಮೇಲೆ ಹಾಕಿ ಹೋದಳು. ಕೂಡಿಸಿದ ಶಾಖವನ್ನು ನಾಡಿದ್ದು ಸಂಜೆ ನಾಲ್ಕು ಗಂಟೆಗೆ ಬಿಡುತ್ತಾರೆ. ಒಂದೇ ಸಲ, ಒಂದೇ ತಗಡು. ಅರ್ಧ ಹಸಿ ಇಟ್ಟುಕೊಳ್ಳಲಾ ಎಂದು ಅಜ್ಜಿಯನ್ನು ಕೇಳಿದೆ. ಕೆಟ್ಟರೂ ಅಂಟು ಬಿಸ್ಕತ್ತಾದರೂ ಇರಲಿ ಎಂದು. "ಎಲ್ಲಾ ಬೇಯಸು. ಹಸೀದು ಬಾಳ ತಿಂದೇನಿ" ಎಂದಳು.

ಕೊನೆಗೆ ಮಕ್ತುಂಸಾಬರ ಮನೆತನವನ್ನು ಹುಡುಕಿದೆ. ಎರಡು ತಿಂಗಳು ಹಿಡಿಯಿತು. ಅವರ ಮರಿಮಗಳೊಬ್ಬರು ಗದಗಿನಲ್ಲಿದ್ದಾರೆ, ಖೈರುನಬಿ ಎಂದು, ಎಂಬತ್ತಮೂರು ವರ್ಷ. ದೂರಮಾತಿನಲ್ಲಿ, ಅಂದರೆ ದೂರದಿಂದಲೇ ಮುಖ ನೋಡಿಕೊಂಡು ಮಾತಾಡುವ ಯಂತ್ರದಲ್ಲಿ, ಸಿಕ್ಕರು. ನಾನು ಹಂಚಿನಮನಿಯವಳು ಎಂದು ಮೂರು ಸಲ ಹೇಳಿದರೂ ಅವರಿಗೆ ತಿಳಿಯಲಿಲ್ಲ. ಗುಂಡಿಯ ವಿಷಯ ಹೇಳಿದೆ, ಅಷ್ಟೇ, ಮುಖ ಅರಳಿತು. "ಯಾ ಅಲ್ಲಾ, ಗುಂಡಿಯವರ? ಮೊದಲ ಹೇಳಬಾರದ? ನಿಮ್ಮ ಹೆಸರ ನಮ್ಮ ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲ. ಗುಂಡಿಯವರು, ಬೆರಳಿನವರು, ಚಮಚಾದವರು, ಹಿಂಗ ಅನ್ನೂದು" ಎಂದರು. ನಮ್ಮ ವಂಶದ ಹೆಸರು ಒಂದು ಬೇರೆ ಮನೆಯಲ್ಲಿ ಗುಂಡಿ ಎಂದು ಇಷ್ಟು ವರ್ಷ ಉಳಿದಿತ್ತು.

ಆಮೇಲೆ ಕೇಳಿದೆ. ಶಾಖ ಸರಿಯಾಗಿದೆ ಎಂದು ನಿಮ್ಮವರಿಗೆ ಹೇಗೆ ತಿಳಿಯುತ್ತಿತ್ತು? ಅವರು ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. "ನಮ್ಮಪ್ಪಗ ಬುತ್ತಿ ಒಯ್ತಿದ್ದೆ ನಾ. ಭಟ್ಟಿ ಬಾಯಾಗ ಬರೇ ಕೈ ಹಿಡದು ಎಣಸ್ತಿದ್ದ. ತಡಕೊಳ್ಳಾಕ ಆಗದ ಕೈ ತಗದಾಗ ಎಣಿಕಿ ಎಷ್ಟಕ್ಕ ಬಂದಿರ್ತೈತಿ, ಅದರ ಮ್ಯಾಲ. ಬ್ರೆಡ್ಡಿಗೆ ಒಂದು ಎಣಿಕಿ, ಖಾರಿಗೆ ಒಂದು, ನಿಮ್ಮ ಬಿಸ್ಕೀಟಿಗೆ ಬ್ಯಾರೇನ ಒಂದು, ಜ್ವಾಳದ ಹಿಟ್ಟ ಇರ್ತಿತ್ತಲಾ. ಅಪ್ಪಗ ಮುತ್ಯಾ ಹೇಳಿದ್ದು, ಮುತ್ಯಾಗ ಅವನ ಅಪ್ಪ ಮಕ್ತುಂಸಾಬ ಹೇಳಿದ್ದು." ಎಷ್ಟು ಎಂದು ಕೇಳಿದೆ. "ಬಾಯಿ ಬಿಟ್ಟ ಎಣಸ್ತಿದ್ದಿಲ್ಲವಾ. ತುಟಿ ಅಷ್ಟ ಅಳ್ಯಾಡ್ತಿದ್ವು. ನಾ ಹೆಣ್ಣಹುಡುಗಿ, ಭಟ್ಟಿ ನನಗ್ಯಾಕ ಅಂತ ಕೇಳಲಿಲ್ಲ. ಕೇಳಬೇಕನ್ನೂದ್ರಾಗ ಭಟ್ಟಿನ ಹೋತು." ಆಮೇಲೆ ಅವರಿಗೆ ಸಿಟ್ಟು ಬಂತು. "ನೀವಾರ ಕೇಳಬೇಕಿಲ್ಲ? ತಗಡ ಕೊಟ್ಟು ಹೊರಗ ಬಿಸಲಾಗ ನಿಂದರ್ತಿದ್ರಿ ಎಲ್ಲಾರೂ, ಶೇಂಗಾ ತಿನಕೋತ. ಒಳಗ ಬಂದ್ರ ಹೊಸಾ ಸೀರಿ ಹೊಲಸಾಗತೈತಿ ಅಂತ."

ನಾವು ಪಡಸಾಲೆಯಲ್ಲಿ ನಿಲ್ಲುವುದು ನೆನಪಾಯಿತು. ಹತ್ತು ನಿಮಿಷ, ಒಂದು ಕೀರ್ತನೆ. ನಮಗೆ ಉಳಿದು ಬಂದದ್ದು ಅಷ್ಟೇ, ಹೊರಗೆ ನಿಲ್ಲುವುದು.

ನಿಮ್ಮನ್ನು ಬಯ್ಯುತ್ತಿಲ್ಲ. ನಿಜವಾಗಿಯೂ ಇಲ್ಲ. ಓಣಿಯ ತುದಿಯಲ್ಲಿ ದಿನವೂ ಹೊಗೆಯಾಡುವ ಭಟ್ಟಿ ಒಂದು ದಿನ ಇರುವುದಿಲ್ಲ ಎಂದು ಯಾರಿಗೆ ಹೊಳೆಯುತ್ತದೆ? ನಾನೂ ಹಾಸ್ಟೆಲಿನಿಂದ ರಜೆಗೆ ಬಂದಾಗ ಅಜ್ಜಿ ಏನೋ ಹೇಳುತ್ತಾ ಕೂತಿದ್ದರೆ ಹೂಂ ಹೂಂ ಎಂದು ಬೇರೆ ಏನೋ ನೋಡುತ್ತಿದ್ದೆ. ಅವಳ ಹತ್ತಿರ ಆ ಬಿಸ್ಕತ್ತಿನ ಬಣ್ಣ ಹೇಗಿತ್ತು ಎಂದು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಈಗ ನನ್ನ ಬೇಡಿಕೆ. ಒಂದೇ. ಹಿಂದಂಚೆಯವರು ಈ ಪತ್ರವನ್ನು ನಿಮ್ಮ ೨೦೨೬ರ ಡಿಸೆಂಬರ್ ಮೊದಲ ವಾರಕ್ಕೆ ಗುರಿ ಇಟ್ಟಿದ್ದಾರೆ. ನೀವು ಆಗ ತಗಡು ಒಯ್ಯುವ ತಯಾರಿಯಲ್ಲಿರುತ್ತೀರಿ. ಹೊಸ ಸೀರೆ ಉಡಬೇಡಿ. ಹಳೆಯದೇನಾದರೂ ಉಟ್ಟುಕೊಳ್ಳಿ. ತಗಡು ಕೊಟ್ಟು ಹೊರಗೆ ಬರಬೇಡಿ, ಮಕ್ತುಂಸಾಬರ ಪಕ್ಕದಲ್ಲೇ ನಿಲ್ಲಿ. ಅವರು ಭಟ್ಟಿಯ ಬಾಯಿಗೆ ಕೈ ಹಿಡಿದಾಗ ತುಟಿ ನೋಡಿ. ಎಷ್ಟು ಎಂದು ಕೇಳಿ. ನಗುತ್ತಾರೆ, ನಗಲಿ. ಮನೆಗೆ ಬಂದು ಆ ೨೦೨೪ರ ಡೈರಿ ತೆಗೆದು, ಡಿಸೆಂಬರ್ ಎಂಟರ ಪುಟದಲ್ಲಿ, 'ಕಳಿಸುವುದು' ಎಂಬುದರ ಕೆಳಗಿನ ಆ ನಾಲ್ಕು ಬೆರಳು ಜಾಗದಲ್ಲಿ ಬರೆಯಿರಿ. ವಾಕ್ಯ ಬೇಡ. ಒಂದು ಅಂಕಿ ಸಾಕು.

ನನಗೆ ಉತ್ತರ ಬರುವ ದಾರಿ ಅದೊಂದೇ. ಇಲ್ಲೇ ನನ್ನ ತಲೆ ಕೆಡುವುದು. ನೀವು ಬರೆದಿದ್ದರೆ ಆ ಅಂಕಿ ನೂರ ಇಪ್ಪತ್ತೇಳು ವರ್ಷದಿಂದ ಆ ಪುಟದಲ್ಲಿ ಇರಬೇಕಿತ್ತು. ನಾನು ದಿನವೂ ನೋಡುತ್ತೇನೆ, ಇಲ್ಲ. ಪತ್ರ ಹೋಗುವ ತನಕ ಏನೂ ಆಗಿರುವುದಿಲ್ಲ, ಹೋದ ಮೇಲೆ ಪುಟ ತುಂಬಬಹುದು ಎಂದು ನಮ್ಮ ಒಬ್ಬ ಮೇಷ್ಟ್ರು ಹೇಳುತ್ತಾರೆ. ಆಗುವುದಾಗಿದ್ದರೆ ಆಗಲೇ ಆಗಿರುತ್ತಿತ್ತು ಎಂದು ಇನ್ನೊಬ್ಬರು. ಪರೀಕ್ಷೆಯಲ್ಲಿ ಎರಡು ಉತ್ತರಕ್ಕೂ ಮಾರ್ಕ್ಸ್ ಕೊಡುತ್ತಾರಂತೆ. ಅಜ್ಜಿಗೆ ಹೇಳಿದೆ. ಅವಳು ಪುಟವನ್ನು ಬೆಳಕಿಗೆ ಹಿಡಿದು ನೋಡಿ, ಡೈರಿಯನ್ನು ನನ್ನ ಕೈಗೆ ಕೊಟ್ಟು "ಆಕಿಗೆ ಕೆಲಸ ಬಾಳ ಇರ್ತಾವವಾ, ಕ್ರಿಸ್‌ಮಸ್ಸಿನ್ಯಾಗ" ಎಂದಳು.

ನಾಡಿದ್ದು ಸಂಜೆ ನಾಲ್ಕಕ್ಕೆ ಶಾಖಪೆಟ್ಟಿಗೆ ತೆರೆಯುತ್ತದೆ. ತಗಡು ಸಿದ್ಧವಿರುತ್ತದೆ, ಇಪ್ಪತ್ತನಾಲ್ಕು, ದೂರ ದೂರ, ಒಂದೊಂದರ ಮೇಲೂ ನಿಮ್ಮ ಗುಂಡಿ. ಅಜ್ಜಿ ಹಾಸ್ಟೆಲಿಗೇ ಬರುತ್ತಾಳೆ. ಹೊರಗೆ ನಿಲ್ಲುವುದಿಲ್ಲ, ಪೆಟ್ಟಿಗೆಯ ಮುಂದೆ ಕುರ್ಚಿ ಹಾಕು ಎಂದು ಈಗಾಗಲೇ ಹೇಳಿದ್ದಾಳೆ. ಪಾರಿ ಮತ್ತು ಮೂವತ್ತು ಹುಡುಗಿಯರು ಒದ್ದೆ ಕೂದಲಿನಲ್ಲಿ ಸುತ್ತ ನಿಂತಿರುತ್ತಾರೆ. ನಾನು ಡೈರಿ ತೆರೆಯುತ್ತೇನೆ. ಅಂಕಿ ಇದ್ದರೆ ಅಷ್ಟರವರೆಗೆ. ಇಲ್ಲದಿದ್ದರೆ ಏನು ಮಾಡಬೇಕು ಎಂದು ನನಗೆ ಗೊತ್ತಿಲ್ಲ ಅಜ್ಜಿ. ಹಿಟ್ಟನ್ನು ಹಾಗೇ ಎತ್ತಿಕೊಂಡು ಪಡಸಾಲೆಗೆ ಓಡಿಬಿಡಲೇ ಎನಿಸುತ್ತದೆ. ಆದರೆ ಅವಳು ಇನ್ನೊಮ್ಮೆ ಕುಣಿಯುವುದನ್ನು ನಾನು ನೋಡಲಾರೆ.

ನಿಮ್ಮ ಕೈಗೆ ಇದು ಸಿಗಲಿ. ಬೆನಿಟಾಗೆ ನನ್ನ ಪ್ರೀತಿ ಹೇಳಿ, ಅವಳನ್ನೂ ಭಟ್ಟಿಯೊಳಗೆ ಕರೆದುಕೊಂಡು ಹೋಗಿ. ಮಕ್ತುಂಸಾಬರಿಗೆ, ಅವರ ಗುಂಡಿಯವರ ಕಡೆಯಿಂದ ಒಂದು ಸಲಾಮು. ನಿಮ್ಮ ತಗಡಿನಿಂದ ಬಿಸಿಯಾಗಿ ಒಂದನ್ನು ಅಲ್ಲೇ ನಿಂತು ತಿನ್ನಿ, ನನ್ನ ಪಾಲಿನದು.

ಇಷ್ಟು ದೂರದಿಂದ ನಿಮ್ಮ ಕಾಲಿಗೆ ಬೀಳುವ,
ತಬಿತಾ

ಮರೆತಿದ್ದೆ. ಲಕೋಟೆ ಮುಚ್ಚುವ ಮೊದಲು ಇನ್ನೊಮ್ಮೆ ಪುಟ ತೆರೆದು ನೋಡಿದೆ. ಖಾಲಿ ಇದೆ. ಪರವಾಗಿಲ್ಲ, ಇನ್ನೂ ಎರಡು ದಿನ ಇದೆ. ಅಂಕಿ ಬರದಿದ್ದರೂ ನಾಲ್ಕು ಗಂಟೆಗೆ ನಾನು ಕೈ ಒಳಗೆ ಹಿಡಿಯುತ್ತೇನೆ, ಎಣಿಸುವುದಕ್ಕೆ ಶುರು ಮಾಡುತ್ತೇನೆ. ಜೋರಾಗಿಯೇ ಎಣಿಸುತ್ತೇನೆ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ.